ಹೆಂಜೇರಪ್ಪ, ಪಿಳ್ಳಮ್ಮ, ಮುನಿವೆಂಕಟಪ್ಪ: ನಮ್ಮ ಕಡೆಯ ಹಳೇ ಹೆಸರುಗಳು ನಿಮಗೆಷ್ಟು ಗೊತ್ತು?

ಸಿರಾಗೇಟ್

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಸ್ವಲ್ಪ ಇತ್ತ ಬನ್ನಿ. ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ವಂಶವೃಕ್ಷ ಬೇಕು ಅಂತ ಮನೆಯ ಹಿರಿಯರ ಹೆಸರೆಲ್ಲ ಬರೆದುಕೊಳ್ಳುತ್ತಿದ್ದೇನೆ. ಮುತ್ತಾತನ ಕಾಲಕ್ಕೆ ಹೋದರೆ ಒಂದಕ್ಕಿಂತ ಒಂದು ಗಟ್ಟಿ ಹೆಸರು. ಹೆಂಜೇರಪ್ಪ, ಪೆನ್ನೋಬಳಯ್ಯ, ಕ್ಯಾತಣ್ಣ, ಸಣ್ಣೀರಮ್ಮ, ಲಕ್ಕಮ್ಮ. ನಮ್ಮ ತಲೆಮಾರಿಗೆ ಬಂದರೆ ಮಂಜುನಾಥ, ಮಂಜುಳಾ, ಮತ್ತೆ ಮಂಜುನಾಥ. ಮಕ್ಕಳದ್ದು ಕೇಳಲೇಬೇಡಿ. ವಿಹಾನ್, ರಿಯಾಂಶ್, ಅದ್ವಿಕ್. ಯಾವ ಊರಿನವರು ಅಂತ ಹೇಳುವುದಕ್ಕೇ ಆಗುವುದಿಲ್ಲ.

ಹಳೇ ಹೆಸರುಗಳಲ್ಲಿ ಅದು ಗೊತ್ತಾಗುತ್ತಿತ್ತು ಅನ್ನುವುದೇ ನನ್ನ ವಾದ. ಹೆಸರು ಕೇಳಿದರೆ ಸಾಕು, ಮನೆದೇವರು ಯಾರು, ಯಾವ ದಿಕ್ಕಿನ ಜಾತ್ರೆಗೆ ಗಾಡಿ ಕಟ್ಟುತ್ತಿದ್ದರು ಅಂತ ಹೇಳಿಬಿಡಬಹುದಿತ್ತು. ಹೆಂಜೇರಪ್ಪನನ್ನೇ ನೋಡಿ. ಮಡಕಶಿರಾ ಕಡೆಯ ಹೇಮಾವತಿಯಲ್ಲಿ ಸಿದ್ಧೇಶ್ವರ ದೇವರಿದೆ. ಸಿರಾ, ಪಾವಗಡದವರಿಗೆ ಅವನೇ ಹೆಂಜೇರಪ್ಪ. ಹೇಮಾವತಿಯ ಹಿಂದಿನ ಹೆಸರು ಹೆಂಜೇರು. ನೊಳಂಬ ಅರಸರ ರಾಜಧಾನಿ ಅದು. ಈಗ ಆಂಧ್ರದಲ್ಲಿದೆ, ಬೋರ್ಡಿನ ಮೇಲೆ ಹೆಂಜೇರು ಅಂತ ಬರೆದಿರುವುದಿಲ್ಲ. ಆ ಹೆಸರು ದೇವರ ಜೊತೆಗೆ ನಮ್ಮ ಮುತ್ತಾತನಂಥವರಲ್ಲಿ ಮಾತ್ರ ಉಳಿದುಕೊಂಡಿತು.

ನಿಮ್ಮ ಮನೆಯ, ಬೀದಿಯ ಹೆಸರುಗಳನ್ನು ಹೇಳಿ. ಬರೀ ಹೆಸರು ಸಾಕು, ಇನಿಷಿಯಲ್ಲು ವಿಳಾಸ ಬೇಡ.

ರಾಗಿಮುದ್ದೆ

ಕೋಲಾರದವರನ್ನು ಇದು ಕೇಳಬೇಕಾ ಅಣ್ಣ? ಮುನಿ. ಅಷ್ಟೇ ಉತ್ತರ.

ಮುನಿಯಪ್ಪ, ಮುನಿಯಮ್ಮ, ಮುನಿಶಾಮಪ್ಪ, ಮುನಿವೆಂಕಟಪ್ಪ, ಮುನಿನಾರಾಯಣಪ್ಪ, ಮುನಿಲಕ್ಷ್ಮಮ್ಮ, ಮುನಿರತ್ನಮ್ಮ. ಸಾಲದು ಅಂತ ದೊಡ್ಡಮುನಿಯಪ್ಪ, ಚಿಕ್ಕಮುನಿಯಪ್ಪ, ಪಿಳ್ಳಮುನಿಯಪ್ಪ. ಊರಾಚೆ ಮರದ ಬುಡದಲ್ಲಿ ಕಲ್ಲು ನಿಲ್ಲಿಸಿ ಅರಿಶಿನ ಕುಂಕುಮ ಹಚ್ಚಿರುತ್ತಾರಲ್ಲ, ಆ ಮುನೇಶ್ವರನ ಹೆಸರು. ನಮ್ಮ ಬೀದಿಯಲ್ಲಿ ನಿಂತು ಮುನಿಯಪ್ಪಾ ಅಂತ ಕೂಗಿದರೆ ಮನೆಗೊಬ್ಬರು ಓಗೊಡುತ್ತಾರೆ. ಅದಕ್ಕೇ ಎಲ್ಲರಿಗೂ ಹಿಂದೊಂದು ಬಾಲ: ಡೈರಿ ಮುನಿಯಪ್ಪ, ಪಂಪ್‌ಸೆಟ್ ಮುನಿಯಪ್ಪ, ಟೊಮ್ಯಾಟೊ ಮಂಡಿ ಮುನಿಯಪ್ಪ. ಮದುವೆ ಪತ್ರಿಕೆಯಲ್ಲೂ ಬ್ರಾಕೆಟ್ಟಿನಲ್ಲಿ ಡೈರಿ ಅಂತ ಹಾಕಿಸುತ್ತಾರೆ, ಇಲ್ಲದಿದ್ದರೆ ಮುಯ್ಯಿ ಯಾರದೋ ಲೆಕ್ಕಕ್ಕೆ ಹೋಗುತ್ತೆ.

ಹೆಂಗಸರಲ್ಲಿ ನನಗೆ ಇಷ್ಟವಾದ ಹೆಸರು ಕೋಲಾರಮ್ಮ. ಊರಿನ ದೇವಿ ಹೆಸರನ್ನು ಹಾಗೇ ಮಗುವಿಗೆ ಇಟ್ಟುಬಿಡೋದು. ಬೆಂಗಳೂರಲ್ಲಿ ಕೆಲಸಕ್ಕೆ ಹೋದಾಗ 'ಹೆಸರೇನಮ್ಮ' ಅಂದರೆ 'ಕೋಲಾರಮ್ಮ', 'ಊರು ಕೇಳಲಿಲ್ಲ, ಹೆಸರು' ಅಂತ ಮತ್ತೆ ಕೇಳುತ್ತಿದ್ದರಂತೆ. ನಮ್ಮ ಅಜ್ಜಿಯ ತಂಗಿಯ ಕಥೆ ಇದು.

ಹಲಸಿನತೊಳೆ

ಗುಬ್ಬಿ ತಾಲ್ಲೂಕಿನವಳು ನಾನು. ಸಿರಾಗೇಟ್ ಅವರ ಮಾತು ನಮ್ಮ ಕಡೆಗೂ ಒಪ್ಪುತ್ತೆ. ನಮ್ಮಲ್ಲಿ ಗಂಗಯ್ಯ, ಗಂಗಮ್ಮ, ಹೊನ್ನಯ್ಯ, ಹೊನ್ನಮ್ಮ ಅಂದರೆ ಶಿವಗಂಗೆ ಕಡೆಗೆ ಕೈ ತೋರಿಸಿದ ಹಾಗೆ. ಬೆಟ್ಟದಲ್ಲಿ ಗಂಗಾಧರೇಶ್ವರ, ಪಕ್ಕದಲ್ಲಿ ಹೊನ್ನಾದೇವಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಗಳ ತಂದೆ ಹೊನ್ನೇಗೌಡರು, ತಾಯಿ ಗಂಗಮ್ಮ. ಸ್ವಾಮೀಜಿಯವರಿಗೆ ಮೊದಲು ಇಟ್ಟ ಹೆಸರು ಶಿವಣ್ಣ. ಒಂದೇ ಮನೆಯಲ್ಲಿ ಹೊನ್ನು, ಗಂಗೆ, ಶಿವ ಮೂರೂ ಇವೆ ನೋಡಿ. ಆಮೇಲೆ ತುಮಕೂರು ಜಿಲ್ಲೆ ತುಂಬ ಶಿವಕುಮಾರ ಅನ್ನುವ ಹೆಸರು ಯಾಕೆ ಅಷ್ಟು ಜಾಸ್ತಿಯಾಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಹೆಸರು ತಿಮ್ಮಕ್ಕ. ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ನಮ್ಮ ತಾಲ್ಲೂಕಿನಲ್ಲೇ. ಅವರಿಗೆ 2019ರಲ್ಲಿ ಪದ್ಮಶ್ರೀ ಬಂದ ಮೇಲೆ ನಮ್ಮ ಊರಿನ ಇಬ್ಬರು ತಿಮ್ಮಕ್ಕಂದಿರು ಸ್ವಲ್ಪ ದಿನ ತಲೆ ಎತ್ತಿಕೊಂಡು ಓಡಾಡಿದರು. ಆದರೂ ಯಾರೂ ಮಗುವಿಗೆ ಆ ಹೆಸರು ಇಡಲಿಲ್ಲ. ನಮ್ಮವರ ಅಭಿಮಾನ ಅಷ್ಟಕ್ಕೇ ನಿಲ್ಲುತ್ತೆ.

ಆವನಿ ಕಲ್ಲು

ರಾಗಿಮುದ್ದೆ ಅವರೇ, ಮುನಿಯ ಜೊತೆಗೆ ವೆಂಕಟನನ್ನೂ ಸೇರಿಸಿ. ನಮ್ಮ ಮುಳಬಾಗಿಲು ಕಡೆಯಿಂದ ತಿರುಪತಿ ದಾರಿ ನೇರ. ಡಿ.ವಿ. ಗುಂಡಪ್ಪನವರು ಹುಟ್ಟಿದ್ದು 1887ರಲ್ಲಿ ಮುಳಬಾಗಿಲಿನಲ್ಲಿ. ತಂದೆ ವೆಂಕಟರಮಣಯ್ಯ, ತಾಯಿ ಅಲಮೇಲಮ್ಮ. ಬೆಟ್ಟದ ಮೇಲಿನ ದೇವರು, ಕೆಳಗಿನ ತಿರುಚಾನೂರಿನ ದೇವಿ! ಮಾಲೂರು ತಾಲ್ಲೂಕಿನ ಮಾಸ್ತಿಯವರ ಹೆಸರು ವೆಂಕಟೇಶ, ತಾಯಿ ತಿರುಮಲಮ್ಮ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ತಾಯಿ ವೆಂಕಟಲಕ್ಷ್ಮಮ್ಮ. ಊರುಗಳು ಬೇರೆ, ಮನೆಗಳು ಬೇರೆ. ಹೆಸರು ಮಾತ್ರ ಎಲ್ಲ ಒಂದೇ ಬೆಟ್ಟದಿಂದ ಇಳಿದು ಬಂದಿದೆ.

ಸಾಮಾನ್ಯ ಜನರ ಬಾಯಲ್ಲಿ ಇದೇ ವೆಂಕಟರಮಣಪ್ಪ ವೆಂಕಟರವಣಪ್ಪ ಆಗಿ, ವೆಂಕಟರೋಣಪ್ಪ ಆಗಿ, ಕೊನೆಗೆ ರೋಣಪ್ಪ ಆಗುತ್ತಾನೆ. ಅಪ್ಪ ರಮಣ, ಮಗ ರವಣ, ಮೊಮ್ಮಗ ರೋಣ ಅಂತ ದಾಖಲೆಯಲ್ಲಿ ಇರುವ ಮನೆ ನನಗೆ ಗೊತ್ತು. ಮೂವರಿಗೂ ಇಟ್ಟಿದ್ದು ಒಂದೇ ಹೆಸರು.

ಪಾವಗಡದ ಬಿಸಿಲು

ನಮ್ಮ ಕಡೆ ಓಬಳ. ಓಬಳಪ್ಪ, ಓಬಳೇಶ, ಓಬಯ್ಯ, ಓಬಣ್ಣ, ಓಬಮ್ಮ. ಅಹೋಬಲ ನರಸಿಂಹ ಬಾಯಿಂದ ಬಾಯಿಗೆ ಬಂದು ಓಬಳ ಆದ. ಸಿರಾಗೇಟ್ ಹೇಳಿದ ಪೆನ್ನೋಬಳಯ್ಯ ಅನಂತಪುರ ಜಿಲ್ಲೆಯ ಪೆನ್ನಹೋಬಿಲದವನು. ಕದಿರಪ್ಪ, ಕದಿರಮ್ಮ ಅಂದರೆ ಕದಿರಿ ನರಸಿಂಹ. ಮೂರೂ ಒಬ್ಬನೇ ದೇವರು, ಆದರೆ ಯಾವ ಗುಡಿಗೆ ಹರಕೆ ಹೊತ್ತಿದ್ದರು ಅಂತ ಹೆಸರೇ ಹೇಳುತ್ತೆ.

ಗೊಲ್ಲರಹಟ್ಟಿಯ ಹೆಸರುಗಳದ್ದೇ ಬೇರೆ ಲೋಕ. ಜುಂಜಪ್ಪ, ಜುಂಜಮ್ಮ, ಚಿತ್ತಯ್ಯ, ಎತ್ತಪ್ಪ, ಕಾಟಯ್ಯ. ಜುಂಜಪ್ಪ ಕಾಡುಗೊಲ್ಲರ ವೀರ, ದನಗಾಹಿ. ಸಿರಾ ತಾಲ್ಲೂಕು ಕಳುವರಹಳ್ಳಿಯಲ್ಲಿ ಅವನ ಗುಡ್ಡೆ ಇದೆ. ಅವನ ಕಥೆಯನ್ನು ಗಣೆ ಊದಿಕೊಂಡು ರಾತ್ರಿಯೆಲ್ಲ ಹಾಡುತ್ತಾರೆ. ಗಣೆ ಅಂದರೆ ಆಳೆತ್ತರದ ಬಿದಿರ ಕೊಳಲು. ನನ್ನ ಜೊತೆ ಓದಿದ ಒಬ್ಬ ಜುಂಜಪ್ಪ ಇದ್ದ. ಹಾಸ್ಟೆಲ್ಲಿನಲ್ಲಿ ಹುಡುಗರು ರೇಗಿಸಿದಾಗ ಬೇಸರ ಮಾಡಿಕೊಳ್ಳದೆ, 'ನನ್ನ ಹೆಸರಿನ ಮೇಲೆ ಬೆಳಗಿನ ತನಕ ಹಾಡಬಹುದು, ನಿನ್ನ ಸುರೇಶನ ಮೇಲೆ ಒಂದು ಪದ ಹಾಡು ನೋಡೋಣ' ಅಂದಿದ್ದ. ಅಲ್ಲಿಗೆ ಎಲ್ಲರ ಬಾಯಿ ಮುಚ್ಚಿತು.

ಸಂತೆಬೀದಿ

ಚಿಂತಾಮಣಿಯಿಂದ. ನಮ್ಮ ಹೆಸರುಗಳಿಗೆ ಎರಡು ಭಾಷೆ. ತೆಲುಗು ಮಾತಾಡುವ ಮನೆಯಲ್ಲಿ ಪೆದ್ದನ್ನ, ಚಿನ್ನಪ್ಪಯ್ಯ. ಕನ್ನಡದ ಮನೆಯಲ್ಲಿ ದೊಡ್ಡಣ್ಣ, ಚಿಕ್ಕಪ್ಪಯ್ಯ. ಎರಡೂ ಮಾತಾಡುವ ಮನೆಯಲ್ಲಿ ಅಣ್ಣ ಪೆದ್ದಪ್ಪಯ್ಯ, ತಮ್ಮ ಚಿಕ್ಕಣ್ಣ. ಬಾಗೇಪಲ್ಲಿಯವರು ಆದೆಪ್ಪ, ಗಂಗಿರೆಡ್ಡಿ, ಪಾಪಿರೆಡ್ಡಿ ಅಂತಲೂ ಇಡುತ್ತಾರೆ. ಹೊರಗಿನವರು ಪಾಪಿ ಅಂತ ಓದಿ ನಗುತ್ತಾರೆ. ಅದು ಪಾಪು, ಪಾಪಣ್ಣ, ಪಾಪಮ್ಮ ಅನ್ನುವ ಸಾಲಿನದು ಸ್ವಾಮಿ.

ಬಾಗೇಪಲ್ಲಿಯಲ್ಲಿ ನನಗೊಬ್ಬ ಲೆನಿನ್ ಕೂಡ ಸಿಕ್ಕಿದ್ದ. ಸಿಪಿಎಂ ಗೆದ್ದಿದ್ದ ಕ್ಷೇತ್ರ ಅಲ್ವಾ. ಅವನ ತಾತನ ಹೆಸರು ನಾರೇಯಣಪ್ಪ. ಕೈವಾರ ತಾತಯ್ಯನವರ ಭಕ್ತರ ಮನೆ. ನಾರಾಯಣ ಅಲ್ಲ, ನಾರೇಯಣ. ಕೈವಾರದವರು ಅಮರನಾರೇಯಣ ಅಂತಲೇ ಹೇಳುವುದು. ಇದನ್ನು ಎಷ್ಟೋ ಕಡೆ ಕಂಪ್ಯೂಟರಿನವರು ತಪ್ಪು ಅಂದುಕೊಂಡು ತಿದ್ದಿಬಿಡುತ್ತಾರೆ.

ಚಾಂಪಿಯನ್ ರೀಫ್

ಕೆಜಿಎಫ್ ಬಗ್ಗೆ ಯಾರೂ ಬರೆದಿಲ್ಲ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಹೆಸರುಗಳು ಇನ್ನೂ ಇವೆ. ನಮ್ಮ ಲೈನ್ ಮನೆಗಳಲ್ಲಿ ಸವರಿಯಪ್ಪ, ರಾಯಪ್ಪ, ಚಿನ್ನಪ್ಪ, ಆರೋಗ್ಯಮೇರಿ, ಇನ್ನಾಸಿಯಮ್ಮ. ರಾಯಪ್ಪ ಅಂದರೆ ಸಂತ ಪೇತ್ರ, ಚಿನ್ನಪ್ಪ ಅಂದರೆ ಸಂತ ಪೌಲ. ಸವರಿ ಅಂದರೆ ಕ್ಸೇವಿಯರ್, ಇನ್ನಾಸಿ ಅಂದರೆ ಇಗ್ನೇಷಿಯಸ್. ಆರೋಗ್ಯಮೇರಿ ವೇಳಾಂಕಣಿ ಮಾತೆ. ತಮಿಳು ಚರ್ಚಿನಲ್ಲಿ ಹುಟ್ಟಿದ ಹೆಸರುಗಳು, ಕೋಲಾರದ ಕಾಗದಪತ್ರದಲ್ಲಿ ಕನ್ನಡವಾಗಿವೆ. ಮುಳಬಾಗಿಲಿನ ಚಿನ್ನಪ್ಪನೂ ನಮ್ಮ ಚಿನ್ನಪ್ಪನೂ ಒಂದೇ ಬಸ್ಸಿನಲ್ಲಿ ಕೂತರೆ ಯಾರು ಪೌಲ ಅಂತ ಹೇಳಲಾಗುವುದಿಲ್ಲ.

ಹಲಸಿನತೊಳೆ

ದೇವರ ಹೆಸರಿನ ಮಾತು ಸಾಕಷ್ಟಾಯಿತು. ನನಗೆ ಕುತೂಹಲ ಇನ್ನೊಂದು ಥರದ ಹೆಸರಿನ ಮೇಲೆ. ಗುಂಡ, ಕಲ್ಲ, ತಿಪ್ಪ, ಹುಚ್ಚ. ನಮ್ಮ ಅಪ್ಪನ ಅಜ್ಜಿ ಹುಚ್ಚಮ್ಮ. ಎಲ್ಲರಿಗಿಂತ ಲೆಕ್ಕಾಚಾರದ ಹೆಂಗಸು. ಕೊಬ್ಬರಿ ಮಾರಿ ಬಂದ ದುಡ್ಡು ಎಲ್ಲಿಟ್ಟಿದ್ದಾರೆ ಅಂತ ಸಾಯೋವರೆಗೂ ಯಾರಿಗೂ ಗೊತ್ತಾಗಲಿಲ್ಲ.

ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಮುಂದಿನ ಮಗುವಿಗೆ ಇಂಥ ಹೆಸರು ಇಡುತ್ತಿದ್ದರು ಅಂತ ಮನೆಯಲ್ಲಿ ಹೇಳುತ್ತಿದ್ದರು. ಚೆಂದದ ಹೆಸರಿಟ್ಟರೆ ಕಣ್ಣು ಬೀಳುತ್ತೆ. ತಿಪ್ಪೆ ಮೇಲೆ ಮಲಗಿಸಿ ಎತ್ತಿಕೊಳ್ಳೋದು, ಮೊರದಲ್ಲಿಟ್ಟು ಪಕ್ಕದ ಮನೆಯವರಿಗೆ ಮಾರಿದ ಹಾಗೆ ಮಾಡಿ, ಹಿಡಿ ರಾಗಿಯೋ ತೌಡೋ ಕೊಟ್ಟು ವಾಪಸ್ ಕೊಳ್ಳೋದು. ನಮ್ಮದಲ್ಲ, ಕೊಂಡು ತಂದ ಮಗು ಅಂತ ಸಾವಿಗೆ ಸುಳ್ಳು ಹೇಳೋದು. ಕಲ್ಲು ಗುಂಡು ಅಂದರೆ ಗಟ್ಟಿಯಾಗಿ ಉಳಿಯಲಿ ಅಂತ.

ಪಾವಗಡದ ಬಿಸಿಲು

ಎಲ್ಲ ತಿಪ್ಪಯ್ಯನೂ ತಿಪ್ಪೆ ಮೇಲಿನವನಲ್ಲ ಅಕ್ಕ. ನಮ್ಮ ಕಡೆ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ ಅಂದರೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ. ತೇರಿಗೆ ಹೋಗುವ ಮನೆತನದವರು. ಮಾಡಿದಷ್ಟು ನೀಡು ಭಿಕ್ಷೆ ಅಂದ ಅದೇ ಸ್ವಾಮಿ.

ಹಲಸಿನತೊಳೆ

ಇರಬಹುದಪ್ಪ. ನಮ್ಮ ಮನೆಯ ತಿಪ್ಪಕ್ಕ ಮಾತ್ರ ತಿಪ್ಪೆಯವಳೇ. ಅವಳಿಗಿಂತ ಮುಂಚೆ ಹುಟ್ಟಿದ ನಾಲ್ಕು ಮಕ್ಕಳು ಹೋಗಿದ್ದವು. ಇವಳು ಎಂಬತ್ತು ದಾಟಿದಳು.

ತೆಂಗಿನಗರಿ

ಸಾಕಮ್ಮ ಅನ್ನುವ ಹೆಸರು ಸಾಕಪ್ಪಾ ಹೆಣ್ಣುಮಕ್ಕಳು ಅಂತ ಬೇಸತ್ತು ಇಟ್ಟಿದ್ದು, ನಿಜವಾ?

ರಾಗಿಮುದ್ದೆ

ನಿಜ. ನಮ್ಮ ಅತ್ತೆ ಐದನೇ ಹುಡುಗಿ. ಸಾಕಮ್ಮ ಅಂತ ಇಟ್ಟರು. ಆರನೆಯದೂ ಹೆಣ್ಣು!

ಸಂತೆಬೀದಿ

ನಮ್ಮಲ್ಲಿ ಮೊದಲ ಮಗುವಿಗೇ ಸಾಕಮ್ಮ ಅಂತ ಇಟ್ಟಿದ್ದಾರೆ, ಅದಕ್ಕೇನಂತೀರಿ? ಸಾಕಮ್ಮ ಅಂತ ದೇವಿಯೂ ಇದ್ದಾಳೆ. ಸಾಕಿ ಸಲಹುವವಳು ಅಂತಲೂ ಅಂದುಕೊಳ್ಳಬಹುದು. ಬೆಂಗಳೂರಲ್ಲಿ ಒಬ್ಬರು 'ಕಾಫಿ ಪುಡಿ ಸಾಕಮ್ಮ' ಅಂತ ಹೆಸರಾಗಿದ್ದರು. ಕಾಫಿ ಪುಡಿ ಕಾರ್ಖಾನೆ ನಡೆಸಿದವರು, ಬಸವನಗುಡಿಯ ಸಾಕಮ್ಮ ಗಾರ್ಡನ್ ಅವರದೇ ಹೆಸರು. ಅವರನ್ನು ಸಾಕು ಅಂದವರು ಯಾರೂ ಇರಲಿಲ್ಲ ಅನ್ನಿಸುತ್ತೆ.

ತೆಂಗಿನಗರಿ

ಸರಿ, ಎರಡೂ ಇರಲಿ. ನಮ್ಮ ತಿಪಟೂರಿನ ಊರದೇವಿ ಕೆಂಪಮ್ಮ. ಕೆಂಪಯ್ಯ, ಕೆಂಪಮ್ಮ, ಕೆಂಪರಾಜು ಎಷ್ಟು ಬೇಕು ಹೇಳಿ. ಎಡೆಯೂರಿಗೆ ನಡೆದುಕೊಳ್ಳುವವರು ಸಿದ್ಧಲಿಂಗಯ್ಯ, ಸಿದ್ಧಲಿಂಗಮ್ಮ, ತೋಂಟದಾರ್ಯ. ಎಡೆಯೂರು ಸಿದ್ಧಲಿಂಗೇಶ್ವರರು ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿದವರು, ಅದಕ್ಕೆ ತೋಂಟದ. ನನ್ನ ಕಾಲೇಜಿನ ಲೆಕ್ಚರರ್ ಒಬ್ಬರು ಬೇರೆ ಜಿಲ್ಲೆಯಿಂದ ಬಂದವರು, ತೋಂಟದಾರ್ಯನನ್ನು ವರ್ಷವಿಡೀ 'ತೊಂಡೆಕಾಯಿ' ಅಂತ ಕರೆದರು.

ಇನ್ನೊಂದು, ಚೇಳೂರಿನ 'ಸಿದ್ದು' ಹಲಸು ಗೊತ್ತಲ್ಲ? ಆ ರೈತರು ತಮ್ಮ ತಂದೆ ಸಿದ್ದಪ್ಪನವರ ಹೆಸರನ್ನೇ ತಳಿಗೆ ಇಟ್ಟಿದ್ದು. ಮೊಮ್ಮಕ್ಕಳಿಗೆ ಇಡದಿದ್ದರೂ ಹಣ್ಣಿಗಾದರೂ ಹೋಯಿತಲ್ಲ. ಹಲಸಿನತೊಳೆ ಅಕ್ಕ ಇದನ್ನು ಹೇಳದೆ ಬಿಟ್ಟಿದ್ದು ಆಶ್ಚರ್ಯ.

ಬಿದನೂರು ಮೇಷ್ಟ್ರು

ನಾನು ಗೌರಿಬಿದನೂರು ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆ ಮೇಷ್ಟ್ರಾಗಿ ನಿವೃತ್ತನಾದವನು. ಹಳೇ ಹೆಸರು ಹೋಗಿದ್ದಕ್ಕೆ ಮೇಷ್ಟ್ರುಗಳೇ ಕಾರಣ, ದಾಖಲಾತಿ ಮಾಡುವಾಗ ತಮಗೆ ಬೇಕಾದ ಹೆಸರು ಬರೆದರು ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಹುಡುಗನನ್ನು ಕರೆತಂದ ಅಪ್ಪನೇ 'ಮನೇಲಿ ಅಂಜಿನಪ್ಪ ಅಂತೀವಿ ಸಾ, ನೀವು ಒಂದು ಒಳ್ಳೆ ಹೆಸರು ಬರ್ಕೊಳಿ' ಅನ್ನುತ್ತಿದ್ದ. ಅಂಜಿನಪ್ಪ ಆಂಜನೇಯನಾಗಿ, ಆಂಜನೇಯ ಮಾರುತಿಯಾಗಿ ಪುಸ್ತಕಕ್ಕೆ ಇಳಿಯುತ್ತಿದ್ದ. ವೆಂಕಟರೋಣಪ್ಪನ ಮಗ ವೆಂಕಟೇಶ್. ಮುನಿಯಪ್ಪನ ಮಗ ಮುನಿರಾಜು. ಮಂಜುನಾಥರ ಕಾಲ ಬಂದ ಮೇಲೆ ಅದೂ ಇಲ್ಲ.

ಹೆಣ್ಣುಮಕ್ಕಳದ್ದು ಇನ್ನೂ ಬೇಗ ಬದಲಾಯಿತು. ಪಿಳ್ಳಮ್ಮ, ದ್ಯಾವಮ್ಮ, ಚೌಡಮ್ಮ ಅಂತ ಹೇಳುವುದಕ್ಕೆ ತಾಯಂದಿರಿಗೇ ಸಂಕೋಚ.

ನಮ್ಮ ತಾಲ್ಲೂಕಿನ ಹೆಸರು ಅಶ್ವತ್ಥ. ಅಶ್ವತ್ಥಪ್ಪ, ಅಶ್ವತ್ಥಮ್ಮ, ಅಶ್ವತ್ಥನಾರಾಯಣ, ಅಶ್ವತ್ಥರೆಡ್ಡಿ. ಮಕ್ಕಳಿಲ್ಲದವರು ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತಾರೆ. ಮಗುವಾದರೆ ಗಂಡಿಗೆ ಅಶ್ವತ್ಥ ಇಲ್ಲವೇ ನಾಗರಾಜ, ಹೆಣ್ಣಿಗೆ ನಾಗಮಣಿ. 1938ರ ಏಪ್ರಿಲ್ 25ರಂದು ಪೊಲೀಸರು ಗುಂಡು ಹಾರಿಸಿದ್ದು ಅಲ್ಲೇ. ಹೊರಗಿನವರಿಗೆ ಆ ಊರು ಧ್ವಜ ಸತ್ಯಾಗ್ರಹದಿಂದ ಗೊತ್ತು. ನಮಗೆ ತರಗತಿಗೆ ಮೂವರು ಅಶ್ವತ್ಥರಿಂದ.

ಸರ್ವೆನಂಬರ್

ಎಲ್ಲರೂ ಖುಷಿಯಾಗಿ ಬರೆಯುತ್ತಿದ್ದೀರಿ, ನಾನು ಬೇರೆ ಮಾತು ತೆಗೆದೆ ಅಂದುಕೊಳ್ಳಬೇಡಿ. ಈ ಪಟ್ಟಿಯಲ್ಲಿರುವ ಹೆಸರನ್ನೆಲ್ಲ ಒಂದು ಸಲ ಮತ್ತೆ ಓದಿ. ಎಲ್ಲದರ ಕೊನೆಗೂ ಅಪ್ಪ, ಅಯ್ಯ, ಅಣ್ಣ, ಅಮ್ಮ ಇದೆ. ನಮ್ಮ ಕೇರಿಯವರಿಗೆ ಅದು ಇರಲಿಲ್ಲ.

ಹಳೇ ಕೈಬರಹದ ಪಹಣಿಯಲ್ಲಿ ನಮ್ಮ ತಾತ 'ಮುನಿಗ ಬಿನ್ ತಿಮ್ಮಿಗ', ಅಂದರೆ ತಿಮ್ಮಿಗನ ಮಗ. ಪಕ್ಕದ ಜಮೀನಿನವರು 'ಮುನಿಯಪ್ಪ ಬಿನ್ ತಿಮ್ಮಪ್ಪ'. ಮುನೇಶ್ವರ ಇಬ್ಬರಿಗೂ ಒಬ್ಬನೇ, ತಿಮ್ಮಪ್ಪನೂ ಒಬ್ಬನೇ. ಕೊನೆಯ ಎರಡಕ್ಷರ ಮಾತ್ರ ಒಬ್ಬರಿಗೆ ಸಿಕ್ಕಿತು. ಅಜ್ಜಿ 'ಕೆಂಚಿ ಕೋಂ ಮುನಿಗ', ಅಂದರೆ ಮುನಿಗನ ಹೆಂಡತಿ. ಬರೆದವರು ಶಾನುಭೋಗರು, ಆದರೆ ಅವರೇನು ಹೊಸದಾಗಿ ಮಾಡಲಿಲ್ಲ. ಊರು ಹೇಗೆ ಕರೆಯುತ್ತಿತ್ತೋ ಹಾಗೆ ಬರೆದರು. ಗೌಡರ ಮನೆಯ ಹುಡುಗ ಚಡ್ಡಿ ಹಾಕಿಕೊಂಡು ಬಂದು ನಮ್ಮ ತಾತನನ್ನು 'ಲೋ ಮುನಿಗಾ' ಅಂತ ಕೂಗುತ್ತಿದ್ದ. ತಾತ 'ಬಂದೆ ಬುದ್ಧಿ' ಅನ್ನುತ್ತಿದ್ದರು. ನಮ್ಮಪ್ಪ ಇದನ್ನು ಕಣ್ಣಾರೆ ಕಂಡವರು.

ಅದಕ್ಕೇ ನಮಗೆ ಭೀಮರಾಜ್, ಗೌತಮಿ ಅಂತ ಇಟ್ಟರು. ಮುನಿ ಅನ್ನುವ ಹೆಸರೇ ಮನೆಯೊಳಗೆ ಬೇಡ ಅಂದರು. ಹಳೇ ಹೆಸರು ಹೋಯಿತಲ್ಲ ಅಂತ ನಿಮಗೆ ಬೇಜಾರು. ನಮ್ಮ ಮನೆಯಲ್ಲಿ ಅದು ಹೋದಾಗ ಯಾರೂ ಅಳಲಿಲ್ಲ.

ಸಿರಾಗೇಟ್

ಬರೆದಿದ್ದು ಒಳ್ಳೆಯದಾಯಿತು. ಹೆಸರಿನಿಂದ ಮನೆದೇವರು ಗೊತ್ತಾಗುತ್ತಿತ್ತು ಅಂತ ನಾನು ಹೆಮ್ಮೆಯಿಂದ ಹೇಳಿದೆ. ಜಾತಿಯೂ ಅಷ್ಟೇ ಸಲೀಸಾಗಿ ಗೊತ್ತಾಗುತ್ತಿತ್ತು. ಅದ್ವಿಕ್, ವಿಹಾನ್ ಅಂತ ಇಡುವವರಲ್ಲಿ ಒಂದಷ್ಟು ಜನ ಬೇಕೆಂದೇ ಇಡುತ್ತಿರಬಹುದು, ಯಾರಿಗೂ ಏನೂ ಗೊತ್ತಾಗದಿರಲಿ ಅಂತ.

ಬಿದನೂರು ಮೇಷ್ಟ್ರು

ಸರ್ವೆನಂಬರ್ ಅವರು ಹೇಳಿದ್ದು ಶಾಲೆಯ ಪುಸ್ತಕಗಳಲ್ಲೂ ಕಾಣುತ್ತಿತ್ತು. ನನಗಿಂತ ಮುಂಚಿನ ಕೆಲವು ಮೇಷ್ಟ್ರುಗಳು ಆ ಮಕ್ಕಳ ಹೆಸರಿಗೂ ಅಪ್ಪ, ಅಯ್ಯ ಸೇರಿಸಿ ಬರೆದಿದ್ದಾರೆ. ಊರ ಹಿರಿಯರು ಬಂದು 'ಇವನಿಗ್ಯಾಕ್ ಸಾ ಅಪ್ಪ' ಅಂತ ಕೇಳಿದ್ದೂ ಉಂಟು. ಬರೆದದ್ದನ್ನು ಹೊಡೆಯಲು ಬರುವುದಿಲ್ಲ, ಸರ್ಕಾರಿ ಪುಸ್ತಕ ಅಂತ ಹೇಳಿ ಸಾಗಹಾಕುತ್ತಿದ್ದರಂತೆ.

ಸರ್ವೆನಂಬರ್

ಆ ಪುಣ್ಯಾತ್ಮರಿಂದಲೇ ಈಗ ತೊಡಕಾಗಿದೆ ಮೇಷ್ಟ್ರೇ, ತಮಾಷೆಗೆ ಹೇಳುತ್ತಿದ್ದೇನೆ. ಪಹಣಿಯಲ್ಲಿ ಮುನಿಗ. ತಾತನ ಮರಣಪತ್ರದಲ್ಲಿ ಮುನಿಯಪ್ಪ. ಅಪ್ಪನ ಶಾಲಾ ದಾಖಲೆಯಲ್ಲಿ ತಂದೆ ಮುನಿಸ್ವಾಮಿ. ಪೌತಿ ಖಾತೆಗೆ ಹೋದರೆ ಮೂವರು ಯಾರು ಅಂತ ಕೇಳುತ್ತಾರೆ. ಮೂವರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ, ವಂಶವೃಕ್ಷದಲ್ಲಿ 'ಮುನಿಯಪ್ಪ ಉರುಫ್ ಮುನಿಗ' ಅಂತ ಬರೆಸಿದ್ದೇವೆ. ಉರುಫ್ ಅನ್ನುವ ಒಂದು ಮಾತಿಗೋಸ್ಕರ ತಾಲ್ಲೂಕು ಕಚೇರಿಗೆ ಓಡಾಡಿ ಚಪ್ಪಲಿ ಸವೆದವು.

ಸಿರಾಗೇಟ್

ನಮ್ಮದೂ ಅಲ್ಲೇ ನಿಂತಿದೆ. ಹೆಂಜೇರಪ್ಪನನ್ನು ಒಂದು ಕಡೆ 'ಅಂಜಾರಪ್ಪ', ಇನ್ನೊಂದು ಕಡೆ 'ಎಂಜಿರಪ್ಪ' ಅಂತ ಬರೆದಿದ್ದಾರೆ. ಪಹಣಿಗೆ ಆಧಾರ್ ಜೋಡಿಸಬೇಕು ಅಂತ ಬಂದಾಗಿನಿಂದ ಈ ಹೆಸರುಗಳ ಗೋಳು ಜಾಸ್ತಿ. ಇಂಗ್ಲಿಷಿನಲ್ಲಿ ಹೊಡೆದು ಮತ್ತೆ ಕನ್ನಡಕ್ಕೆ ತಿರುಗಿಸುತ್ತಾರೆ ನೋಡಿ, ಳ ಹೋಗಿ ಲ ಆಗುತ್ತೆ, ಪಿಳ್ಳಪ್ಪ ಪಿಲ್ಲಪ್ಪ ಆಗುತ್ತಾನೆ.

ಹಲಸಿನತೊಳೆ

ನಮ್ಮ ಊರಲ್ಲಿ ರೇಷನ್ ಕಾರ್ಡ್ ಬರೆಸುವಾಗ ಇನ್ನೊಂದು ಕಷ್ಟ ಇತ್ತು. ಗಂಡನ ಹೆಸರು ಹೇಳಬಾರದು. ಬರೆಯುವವನು 'ಯಜಮಾನರ ಹೆಸರೇನಮ್ಮ' ಅಂದರೆ ನಮ್ಮ ದೊಡ್ಡಮ್ಮ ಪಕ್ಕದವಳ ಪಕ್ಕೆ ತಿವಿಯೋರು, 'ನೀ ಹೇಳೇ'. ಪಕ್ಕದವಳು ಹೇಳೋಳು. ಅವಳ ಸರದಿ ಬಂದಾಗ ಇವರು ಹೇಳೋರು.

ಮಾವನ ಹೆಸರಂತೂ ಎತ್ತುವ ಹಾಗೇ ಇಲ್ಲ. ಮಗನಿಗೆ ಮಾವನ ಹೆಸರಿಟ್ಟ ಮೇಲೆ ಸೊಸೆ ಮಗನನ್ನು ಹೇಗೆ ಕರೆಯೋದು? 'ಅಪ್ಪಯ್ಯ', 'ತಾತ', 'ಅಜ್ಜಣ್ಣ'. ಅದೇ ಉಳಿದುಕೊಂಡು ಶಾಲೆಗೂ ಹೋಗಿ, ಮದುವೆ ಪತ್ರಿಕೆಗೂ ಹೋಗೋದು. ಕೋಲಾರದ ಅಪ್ಪಯ್ಯಣ್ಣ, ಅಣ್ಣಯ್ಯಪ್ಪ ಹೀಗೇ ಹುಟ್ಟಿರಬೇಕು. ಅಪ್ಪ, ಅಯ್ಯ, ಅಣ್ಣ ಬಿಟ್ಟರೆ ಅದರಲ್ಲಿ ಹೆಸರು ಅನ್ನೋದೇ ಇಲ್ಲ!

ರಾಗಿಮುದ್ದೆ

ಅಪ್ಪಯ್ಯಣ್ಣ ನಮ್ಮ ಸೋದರಮಾವ. ದಯವಿಟ್ಟು ಹೆಸರೇ ಇಲ್ಲ ಅನ್ನಬೇಡಿ 😀

ಆವನಿ ಕಲ್ಲು

ಹಳೇದು ಅಂದರೆ ಮುತ್ತಾತನ ತನಕ ಮಾತ್ರ ಯಾಕೆ ಹೋಗುತ್ತೀರಿ? ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಸಾಹೇಬರು ನಮ್ಮ ಶಾಸನಗಳನ್ನೆಲ್ಲ ಓದಿಸಿ ಅಚ್ಚು ಹಾಕಿಸಿದ್ದಾರೆ. 1904ರಲ್ಲಿ ಬಂದ 12ನೇ ಸಂಪುಟ ತುಮಕೂರಿನದು, 1905ರಲ್ಲಿ ಬಂದ 10ನೆಯದು ಕೋಲಾರದ್ದು. ಎಪಿಗ್ರಾಫಿಯಾ ಕರ್ನಾಟಿಕಾ ಅಂತ ಹುಡುಕಿ. ನೊಳಂಬ ದೊರೆಗಳ ಹೆಸರು ನೋಡಿ: ಸಿಂಹಪೋತ, ಚಾರುಪೊನ್ನೇರ, ಪೋಳಲ್ಚೋರ, ಅಯ್ಯಪದೇವ, ಅಣ್ಣಿಗ. ಹೆಂಗಸರ ಹೆಸರಿಗೆ ಅಬ್ಬೆ, ಅಬ್ಬರಸಿ ಅಂತ ಬಾಲ. ಅಮ್ಮನ ಬದಲು ಆಗ ಅಬ್ಬೆ ಅನ್ನಿ.

ಹೊಸ ಹೆಸರು ಬೇಕು, ಯಾರೂ ಇಟ್ಟಿರಬಾರದು ಅಂತ ಮೊಬೈಲಿನಲ್ಲಿ ಹುಡುಕುವವರಿಗೆ ನನ್ನ ಸಲಹೆ: ಪೋಳಲ್ಚೋರ. ನರ್ಸರಿಯಲ್ಲಿ ಒಬ್ಬನೇ ಇರುತ್ತಾನೆ, ಗ್ಯಾರಂಟಿ.

ಧೈರ್ಯ ಸಾಲದಿದ್ದರೆ ಅದೇ ವಂಶದಲ್ಲಿ ಒಬ್ಬ ದಿಲೀಪನೂ ಇದ್ದಾನೆ. ಹತ್ತನೇ ಶತಮಾನದ ಇರಿವ ನೊಳಂಬನಿಗೆ ದಿಲೀಪ ಅಂತಲೂ ಹೆಸರು. ಸಾವಿರ ವರ್ಷದ ಹಿಂದಿನ ಅರಸನ ಹೆಸರು ಈಗಲೂ ಕ್ರಿಕೆಟ್ ಟೀಮಿನಲ್ಲಿ ನಡೆಯುತ್ತೆ, ಐವತ್ತು ವರ್ಷದ ಹಿಂದಿನ ಪಿಳ್ಳಪ್ಪ ನಡೆಯುವುದಿಲ್ಲ. ವಿಚಿತ್ರ ಅಲ್ವಾ.

ಸರ್ವೆನಂಬರ್

ಅಣ್ಣಿಗ ಅಂತ ದೊರೆಗೇ ಇತ್ತಾ? ಹಾಗಾದರೆ ನಮ್ಮ ಮುನಿಗ, ತಿಮ್ಮಿಗ ರಾಜವಂಶ!

ಆವನಿ ಕಲ್ಲು

ಇತ್ತು ಸರ್. ಬೀರ ನೊಳಂಬ ಅಣ್ಣಿಗ. ಆ ಕಾಲಕ್ಕೆ ಆ ಬಾಲದಲ್ಲಿ ಅವಮಾನವೇನೂ ಇರಲಿಲ್ಲ. ಮುಂದಿನ ತಕರಾರಿಗೆ ಪಹಣಿ ಜೊತೆ ಶಾಸನದ ನಕಲನ್ನೂ ಲಗತ್ತಿಸಿ.

ಹಲಸಿನತೊಳೆ

ಈಗ ನನಗೊಂದು ಸಹಾಯ ಬೇಕು. ತಂಗಿಗೆ ಗಂಡು ಮಗುವಾಗಿದೆ, ಇನ್ನೂ ಹೆಸರಿಟ್ಟಿಲ್ಲ. ಅವಳ ಮಾವನವರಿಗೆ ಅವರ ಅಪ್ಪನ ಹೆಸರು ಅಶ್ವತ್ಥಪ್ಪ ಅಂತಲೇ ಇಡಬೇಕು ಅಂತ ಆಸೆ. ತಂಗಿ ಅಶ್ವತ್ಥ್ ಅಂತಾದರೂ ಸರಿ, ಅಪ್ಪ ಬೇಡ ಅನ್ನುತ್ತಾಳೆ. ಭಾವನಿಗೆ ಇಂಗ್ಲಿಷಿನಲ್ಲಿ ಬರೆಯೋಕೆ ಕಷ್ಟ, ಎರಡೂ ಬೇಡ. ನೋಂದಣಿಗೆ ಹೊತ್ತು ಮೀರುತ್ತೆ ಅಂತ ಒಂದೇ ಸಮನೆ ಜಗಳ.

ಬಿದನೂರು ಮೇಷ್ಟ್ರು

ಹೊತ್ತಿನ ಬಗ್ಗೆ ಗಾಬರಿ ಬೇಡಮ್ಮ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. ಹೆಸರನ್ನು 12 ತಿಂಗಳೊಳಗೆ ಕೊಟ್ಟರೆ ಶುಲ್ಕವಿಲ್ಲ. ಆಮೇಲೂ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಲು ಅವಕಾಶ ಇದೆ. ಒಮ್ಮೆ ಬರೆಸಿದ ಮೇಲೆ ಬದಲಾಯಿಸುವುದೇ ಕಷ್ಟ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಮತ್ತೆಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಮೊದಲಿನ ಹಾಗೆ ಮೇಷ್ಟ್ರ ಕೈಯಲ್ಲಿ ಏನೂ ಇಲ್ಲ.

ಅಶ್ವತ್ಥ ಅಂತ ಇಡುವುದಾದರೆ ಕನ್ನಡದಲ್ಲಿ ತ ಕೆಳಗೆ ಥ ಒತ್ತು ಇದೆಯಾ ಅಂತ ಸಹಿ ಹಾಕುವ ಮುಂಚೆ ನೋಡಿಕೊಳ್ಳಿ. ಇಂಗ್ಲಿಷ್ ಅಕ್ಷರಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಬಾಯಲ್ಲಿ ಹೇಳಬೇಡಿ.

ರಾಗಿಮುದ್ದೆ

ಅಪ್ಪ ಸೇರಿಸಿಯೇ ಇಡಿ ಅಕ್ಕ. ಅಶ್ವತ್ಥ್ ಅಂದರೆ ಆಫೀಸಿನಲ್ಲಿ ಹೇಗಿದ್ದರೂ ಆಶ್ ಅಂತಾರೆ. ಅಶ್ವತ್ಥಪ್ಪ ಅಂದರೆ ಮ್ಯಾನೇಜರ್ ಕೂಡ ಅಪ್ಪಾ ಅನ್ನಲೇಬೇಕು.

ಹಲಸಿನತೊಳೆ

ಇದನ್ನು ಮಾವನವರಿಗೆ ಓದಿ ಹೇಳಿದೆ. ತುಂಬ ಹಿಡಿಸಿದೆ ಅವರಿಗೆ. ತಂಗಿ ಮಾತು ಬಿಟ್ಟಿದ್ದಾಳೆ.